ಭಾವನ ಎದೆಯ ಮೇಲೆ ಎರಡು ಕೈ

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಯಲ್ಲಕ್ಕ ತನ್ನ ಗಂಡನ ಅಣ್ಣ ರಂಗಯ್ಯನ ಜೊತೆ ಒಂದು ಮಾತೂ ಆಡಿರಲಿಲ್ಲ. ಜಗಳವಾಡಿ ಬಿಟ್ಟಿದ್ದಲ್ಲ, ಹರಿಯಬ್ಬೆ ಊರಿನ ಆ ಮನೆಯ ಪದ್ಧತಿಯೇ ಹಾಗೆ. ಭಾವನ ಎದುರು ನಿಲ್ಲುವಂತಿಲ್ಲ, ನೆರಳು ತುಳಿಯುವಂತಿಲ್ಲ, ಮುಟ್ಟುವ ಮಾತಂತೂ ಇಲ್ಲವೇ ಇಲ್ಲ. ಊಟಕ್ಕೆ ಕರೆಯಬೇಕಾದರೆ ಪಕ್ಕದಲ್ಲಿದ್ದ ಟಗರಿಗೆ, "ಮುದ್ದೆ ಆರೋಗ್ತೈತೆ" ಎನ್ನುವಳು. ರಂಗಯ್ಯ ಎದ್ದು ಕೈ ತೊಳೆಯುವನು. ಟಗರು ಒಂದು ದಿನವೂ ತಪ್ಪು ತಿಳಿದುಕೊಳ್ಳಲಿಲ್ಲ.

ಆ ಬೆಳಗ್ಗೆ ಹುಣಸೆಮರದ ಕೆಳಗೆ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಆರು ಜನ ಕತ್ತರಿ ಹಿಡಿದು ಸಾಲಾಗಿ ಕುಳಿತಿದ್ದರು. ಕುರಿಯೊಂದನ್ನು ಕೆಡವಿ ಕಾಲು ಕಟ್ಟುತ್ತಿದ್ದ ರಂಗಯ್ಯ ಅದರ ಮೇಲೆಯೇ ಒರಗಿದ. ಕುರಿ ಕೊಸರಿಕೊಂಡು ಎದ್ದು ಹೋಯಿತು. ರಂಗಯ್ಯ ಏಳಲಿಲ್ಲ.

"ಕಾಲು ಹಿಡ್ದು ತಲೆಕೆಳಗು ಮಾಡ್ರಲೇ!" ಎಂದ ಮಂಜಣ್ಣ, ಕತ್ತರಿಯವರ ಹಿರಿಯ. ಉಸಿರು ಕಟ್ಟಿ ಹುಟ್ಟಿದ ಮರಿಗಳನ್ನು ಹಿಂಗಾಲು ಹಿಡಿದು ಬೀಸಿ ಬದುಕಿಸಿದ ಕೈ ಅವನದು. ಎಪ್ಪತ್ತು ಕೆಜಿಯ ಮರಿಯನ್ನು ಮಾತ್ರ ಇನ್ನೂ ಬೀಸಿರಲಿಲ್ಲ. ಇಬ್ಬರು ಕಾಲು ಹಿಡಿದೇ ಬಿಟ್ಟರು.

"ಗೊರಕೆ ಹೊಡೀತಾವ್ನೆ, ಉಸಿರೈತೆ ಬಿಡ್ರಿ," ಎಂದ ಯಲ್ಲಕ್ಕನ ಗಂಡ ಕಾಟಯ್ಯ, ಅಳುತ್ತ.

ಆ ಗೊರಕೆ ಯಲ್ಲಕ್ಕನಿಗೆ ಗೊತ್ತಿತ್ತು. ಹೋದ ತಿಂಗಳು ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ನರ್ಸ್ ದಿವ್ಯಾ ರಬ್ಬರ್ ಬೊಂಬೆಯೊಂದನ್ನು ನೆಲದ ಮೇಲೆ ಮಲಗಿಸಿ, ಬಾಯಲ್ಲಿ ಅಂಥದೇ ಸದ್ದು ಮಾಡಿ ತೋರಿಸಿದ್ದಳು. ಕರೆದರೆ ಓಗೊಡದವರು ಆಗೊಮ್ಮೆ ಈಗೊಮ್ಮೆ ಹೀಗೆ ಗೊರಕೆ ಎಳೆದರೆ ಅದು ಉಸಿರಲ್ಲ, ಹೃದಯ ನಿಂತಿದೆ, ಒತ್ತಬೇಕು ಎಂದಿದ್ದಳು. ಬಸ್ಸು ಬರುವಷ್ಟರಲ್ಲಿ ಯಲ್ಲಕ್ಕ ಬೊಂಬೆಯನ್ನು ಮೂರು ಸಲ ಬದುಕಿಸಿದ್ದಳು.

ಇದು ಬೊಂಬೆಯಲ್ಲ, ಭಾವ. ಅವಳ ಕೈ ಒಂದು ಗಳಿಗೆ ಸೆರಗಿನಲ್ಲೇ ನಿಂತಿತು. ಆಮೇಲೆ ಸೆರಗು ಸೊಂಟಕ್ಕೆ ಹೋಯಿತು.

"ಬಿಡ್ರಲೇ ಕಾಲು! ಅಂಗಾತ ಮಲಗಿಸ್ರಿ. ಯಾರಾನ 108ಕ್ಕೆ ಫೋನ್ ಮಾಡ್ರಿ!"

ಮಂಡಿಯೂರಿ, ಎದೆಯ ನಡುವೆ ಒಂದು ಅಂಗೈ, ಅದರ ಮೇಲೊಂದು ಇಟ್ಟು, ಮೊಣಕೈ ಮಡಿಸದೆ ಒತ್ತತೊಡಗಿದಳು. ಎರಡು ಅಂಗುಲ ಕೆಳಕ್ಕೆ, ಪೂರ್ತಿ ಮೇಲಕ್ಕೆ, ಸೆಕೆಂಡಿಗೆ ಹೆಚ್ಚುಕಡಿಮೆ ಎರಡು.

"ಏನೇ ಇದು, ಭಾವನ ಮೈ ಮುಟ್ತೀಯಲ್ಲೇ!" ಎಂದು ಚಿಕ್ಕತ್ತೆ ತಿಪ್ಪಮ್ಮ ಬಾಯಿ ಬಡಿದುಕೊಂಡಳು.

"ಹೆಣ ಮುಟ್ಟಾದಕ್ಕಿಂತ ವಾಸಿ ಅತ್ತೆ."

ಲಟಕ್ಕೆಂದಿತು.

"ಅಯ್ಯಯ್ಯೋ, ಎಲುಬು ಮುರೀತು!"

"ಮುರೀಲಿ. ಕೂಡ್ಕಂತೈತೆ."

ಎರಡು ನಿಮಿಷಕ್ಕೆ ಅವಳ ತೋಳು ಸೋತಿತು. ಕಣ್ಣೆದುರಿಗೇ ಹನ್ನೆರಡು ತೋಳು ನಿಂತಿದ್ದವು, ಬೆಳಗಿನಿಂದ ಬೈಗಿನವರೆಗೆ ಕತ್ತರಿ ಆಡಿಸುವ ತೋಳು.

"ಮಂಜಣ್ಣ, ಎದುರಿಗೆ ಕುಂತ್ಕಳ್ರಿ. ನಾನು ಕೈ ಎತ್ತಿದ ತಕ್ಷಣ ನೀವು. ಉಳಿದೋರು ಸಾಲಾಗಿ ಬರ್ರಿ."

ಮರಿ ಬೀಸುವ ವಿದ್ಯೆಯನ್ನು ಪಕ್ಕಕ್ಕಿಟ್ಟು ಮಂಜಣ್ಣ ಕುಳಿತ. ಅವನ ನಂತರ ಪರಮೇಶ, ಹನುಮೇಶ, ಮತ್ತೆ ಮಂಜಣ್ಣ. ಕಾಟಯ್ಯನೂ ಸಾಲಿಗೆ ಬಂದ. ಅವನ ಅಳು ನಿಲ್ಲಲಿಲ್ಲ, ಒತ್ತುವುದೂ ನಿಲ್ಲಲಿಲ್ಲ. "ನಿಧಾನ ಆಯ್ತು! ಕೈ ಪೂರಾ ಮೇಲಕ್ಕೆ ಬರ್ಲಿ!" ಎಂದು ಯಲ್ಲಕ್ಕ ಪಕ್ಕದಲ್ಲಿ ನಿಂತು ಗದರುತ್ತಿದ್ದಳು.

ಹದಿನೇಳು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಎದೆಗೆ ಪಟ್ಟಿ ಅಂಟಿಸಿ, ಎಲ್ಲರನ್ನೂ ದೂರ ಸರಿಸಿ, ಯಂತ್ರದಿಂದ ಒಮ್ಮೆ ಕರೆಂಟು ಕೊಟ್ಟರು. ಮತ್ತೆ ಒತ್ತಿದರು. ಇನ್ನೊಮ್ಮೆ ಕೊಟ್ಟರು. ಕುತ್ತಿಗೆಯ ಮೇಲೆ ಬೆರಳಿಟ್ಟು ನಾಡಿ ನೋಡುತ್ತಿದ್ದ ಆಂಬುಲೆನ್ಸಿನವನು ತಲೆ ಎತ್ತಿದ.

"ನಾಡಿ ಬಂತು! ನಾವು ಬರೋವರೆಗೂ ಒತ್ತಿದ್ದು ಯಾರು? ಅದಿಲ್ಲದಿದ್ರೆ ನಾವು ಬಂದೂ ಉಪಯೋಗ ಇರ್ತಿರಲಿಲ್ಲ."

ಆರು ಜನವೂ "ನಾನು" ಎಂದರು. ತಿಪ್ಪಮ್ಮ ಕೂಡ ಅರ್ಧ ಕೈ ಎತ್ತಿದಳು.

ಎರಡು ತಿಂಗಳ ಮೇಲೆ ಆದಿವಾಲದಲ್ಲಿ ಉಣ್ಣೆ ಕತ್ತರಿಸುವ ದಿನ, ಮಂಜಣ್ಣ ಯಾರ ಕೈಗೂ ಕತ್ತರಿ ಕೊಡಲಿಲ್ಲ. ಮೊದಲು ಎದೆ ಒತ್ತುವಂತೆ ಉಣ್ಣೆಮೂಟೆ ಒತ್ತಿ ಕಲಿಯಬೇಕು, ಆಮೇಲೆ ಕುರಿಗೆ ಕತ್ತರಿ. ಆ ಊರಿನ ಹೆಂಗಸರು, ಹಾಲಿನ ವ್ಯಾನಿನವನು, ಎಲ್ಲರೂ ಸಾಲು ನಿಂತರು. ಯಲ್ಲಕ್ಕ ಎಣಿಸುತ್ತಿದ್ದಳು. ಪಕ್ಕದ ಮೂಟೆಯ ಮೇಲೆ ಯಜಮಾನನಂತೆ ಕುಳಿತಿದ್ದ ರಂಗಯ್ಯನಿಗೆ ಒಬ್ಬರ ಒತ್ತೂ ಒಪ್ಪಿಗೆಯಾಗಲಿಲ್ಲ.

"ಲೇ ಪರಮೇಶ, ಅದೇನ್ ಕೂಸು ಮಲಗಿಸ್ತಿದೀಯಾ? ಆಳಕ್ಕೆ ಒತ್ತಲೇ!" ಎಂದು ಕೂಗಿದ. "ನಂಗೆ ಒತ್ತಿದಾಗ ಎರಡು ಎಲುಬು ಹೋದ್ವು. ಹಂಗೆ ಒತ್ತಿದ್ರೆ ಮನುಷ್ಯ ಎದ್ದು ಬಂದು ಮೂಟೆ ಮೇಲೆ ಕುಂತ್ಕಂತಾನೆ!"