ಅರವತ್ತೊಂದು ಅಭಿಪ್ರಾಯಗಳು

ಕಟ್ಟಿಸುವ ಹಲ್ಲು ತಯಾರಾಗುವ ಆ ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವನೇನಲ್ಲ. ಪ್ಲಾಸ್ಟರ್ ಕಲಸುವುದು, ಅಚ್ಚು ಎರೆಯುವುದು, ಅದು ಗಟ್ಟಿಯಾಗುವ ತನಕ ಕೈಕಟ್ಟಿ ಕೂರುವುದು, ಇವನ್ನೆಲ್ಲ ಹೊಸಬರಿಗೆ ಹೇಳಿಕೊಡುತ್ತಿದ್ದವನು ಅವನು. ನಲವತ್ತಾರು ವಯಸ್ಸು, ಮದುವೆಯಿಲ್ಲ, ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಒಂದು ಕೆಳದವಡೆಯ ಅಚ್ಚು ಎರೆದಿಟ್ಟು ಫೋನ್ ನೋಡಿದವನು ಅದನ್ನು ಥಟ್ಟನೆ ಮೇಜಿನ ಮೇಲೆ ಮಗುಚಿಟ್ಟ.

ಓದುಗರು ತಾವು ಓದಿದ ಪುಸ್ತಕಗಳ ಬಗ್ಗೆ ಬರೆಯುವ ಒಂದು ಜಾಲತಾಣದಲ್ಲಿ ಅವನು ಆರು ವರ್ಷದಿಂದ 'ಹಳೇ ಕನ್ನಡಕ' ಅನ್ನುವ ಹೆಸರಿಟ್ಟುಕೊಂಡು ಬರೆಯುತ್ತಿದ್ದ. ಎಲ್ಲವೂ ಒಂದೇ ಬಗೆಯ ಪುಸ್ತಕಗಳು: ಗಂಡಸನ್ನು ಗಂಡಸು ಪ್ರೀತಿಸುವ ಕಾದಂಬರಿಗಳು. ಅರವತ್ತೊಂದು ಅಭಿಪ್ರಾಯ ಬರೆದಿದ್ದ. ಮೆಚ್ಚಿದ್ದು ಕಡಿಮೆ, ಜಗಳವಾಡಿದ್ದೇ ಹೆಚ್ಚು. ಈಚಿನ ಕಾದಂಬರಿಗಳಲ್ಲಿ ಎಲ್ಲರಿಗೂ ಹೊಟ್ಟೆ ಸಪಾಟು, ಯಾರಿಗೂ ಹಲ್ಲುನೋವಿಲ್ಲ ಎಂದು ಬರೆದಿದ್ದ. ಬೆಂಕಿ ಆರಿಸುವವನೂ ಶಾಲಾ ಮಾಸ್ತರನೂ ಪ್ರೀತಿಸುವ ಒಂದು ಕಾದಂಬರಿಯ ಕೊನೆಯಲ್ಲಿ ಇಡೀ ಊರು ಚಪ್ಪಾಳೆ ತಟ್ಟುತ್ತದೆ. ಅದಕ್ಕೆ ಎರಡೇ ನಕ್ಷತ್ರ ಕೊಟ್ಟು, "ಇವರಿಬ್ಬರೂ ಮುನ್ನೂರು ಪುಟದಲ್ಲಿ ಒಂದು ಸಲವೂ ಹಿಂದೆ ತಿರುಗಿ ನೋಡುವುದಿಲ್ಲ. ಹೆದರಿಕೆಯೇ ಇಲ್ಲದ ಪ್ರೀತಿಯಲ್ಲಿ ನನಗೆ ನಂಬಿಕೆ ಬರುವುದಿಲ್ಲ" ಎಂದಿದ್ದ. ಹೆಂಡತಿ ಸತ್ತ ಬಡಗಿಯೊಬ್ಬ ಅರವತ್ತರ ಮೇಲೆ ಪಕ್ಕದ ಮನೆಯವನನ್ನು ಹಚ್ಚಿಕೊಳ್ಳುವ ಕಾದಂಬರಿಗೆ ಮಾತ್ರ ಐದು ನಕ್ಷತ್ರ ಕೊಟ್ಟು ಆರು ಪುಟ ಬರೆದಿದ್ದ.

ಹಿಂದಿನ ಶನಿವಾರ ಓದಿದ್ದರಲ್ಲಿ ನಾಯಕನೇ ಹಲ್ಲಿನ ಲ್ಯಾಬಿನವನು. ಎರಡೇ ನಿಮಿಷಕ್ಕೆ ಅಚ್ಚು ಬಿಡಿಸಿ, ಓಡಿಹೋಗಿ ಪ್ರಿಯಕರನನ್ನು ತಬ್ಬಿಕೊಳ್ಳುತ್ತಾನೆ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅಚ್ಚು ಅಂದರೆ ತುಂಬಿದ ಬಸುರಿ ಇದ್ದ ಹಾಗೆ. ಮುಕ್ಕಾಲು ಗಂಟೆ ಯಾರೂ ಅವಸರಪಡಿಸಬಾರದು" ಎಂದು, ಲ್ಯಾಬಿನಲ್ಲಿ ಹೊಸಬರಿಗೆ ಹೇಳುವ ಮಾತನ್ನೇ ಬರೆದುಬಿಟ್ಟಿದ್ದ.

ಈಗ ಅದರ ಕೆಳಗೆ ಯಾರೋ ಬರೆದಿದ್ದರು: "ತುಂಬಿದ ಬಸುರಿಯ ಮಾತು ನಾನು ದಿನಾ ಕೇಳ್ತೀನಲ್ಲ. ನೀವೇನಾ?"

ಮೇಷ್ಟ್ರು ತಲೆಯೆತ್ತಿ ನೋಡಿದ. ಅವನಲ್ಲದೆ ಲ್ಯಾಬಿನಲ್ಲಿದ್ದವರು ಮೂವರು. ಗಾಜಿನ ಕೋಣೆಯಲ್ಲಿ ಯಜಮಾನರು ಯಾರ ಜೊತೆಗೋ ಫೋನಿನಲ್ಲಿದ್ದರು. ಎದುರು ಮೇಜಿನಲ್ಲಿ ಮೇಣದಲ್ಲಿ ಹಲ್ಲು ಕೂರಿಸುವ ಮೇಣದಮ್ಮ ತಲೆ ತಗ್ಗಿಸಿದ್ದಳು. ಬಾಗಿಲ ಹತ್ತಿರ ಡಬ್ಬಿ ನಿಂತಿದ್ದ. ತಯಾರಾದ ಹಲ್ಲುಗಳನ್ನು ಡಬ್ಬಿಗಳಲ್ಲಿ ತುಂಬಿ ಸ್ಕೂಟರಿನಲ್ಲಿ ಕ್ಲಿನಿಕ್ಕುಗಳಿಗೆ ಮುಟ್ಟಿಸುವವನಾದ್ದರಿಂದ ಅವನಿಗೆ ಆ ಹೆಸರು. ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಂದೆ, ಬಾಯಿಬಡುಕ. ಯಾವನಾದರೂ ಸ್ವಲ್ಪ ನಯವಾಗಿ ನಡೆದರೆ ಸಾಕು, ಅವನ ಸೊಂಟದ ಮೇಲೆ ಜೋಕು ಹೊಸೆದು ಎಲ್ಲರನ್ನೂ ನಗಿಸುತ್ತಿದ್ದ.

ಇವನೇ ಆಗಿದ್ದರೆ ಮುಗಿಯಿತು ಕಥೆ ಅಂದುಕೊಂಡ ಮೇಷ್ಟ್ರು.

ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಬೇರೊಂದು ಲ್ಯಾಬಿನಲ್ಲಿದ್ದಾಗ, ಪಾಲಿಶ್ ಮಾಡುವವನೊಬ್ಬನ ಫೋನಿನಲ್ಲಿ ಯಾರೋ ಒಂದು ಫೋಟೋ ನೋಡಿದ್ದರು. ಮಾರನೇ ದಿನ ಅವನ ನೀರಿನ ಲೋಟವನ್ನು ಪ್ರತ್ಯೇಕ ಇಟ್ಟರು. ಮೂರನೇ ದಿನ ಅವನ ಮೇಜನ್ನು ಕಕ್ಕಸಿನ ಪಕ್ಕಕ್ಕೆ ಎಳೆದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕ. ವಾರ ತುಂಬುವ ಮೊದಲೇ ಅವನು ಯಾರಿಗೂ ಹೇಳದೆ ಬಿಟ್ಟುಹೋದ. ಹೋಗುವಾಗ ಅವನು ಯಾರನ್ನೂ ನೋಡಲಿಲ್ಲ, ಆದರೂ ತನ್ನನ್ನೊಬ್ಬನನ್ನೇ ನೋಡಿದ ಎಂದು ಮೇಷ್ಟ್ರಿಗೆ ಇವತ್ತಿಗೂ ಅನಿಸುತ್ತಿತ್ತು.

ಊಟದ ಹೊತ್ತಿನಲ್ಲಿ ಅವನು ಕಕ್ಕಸಿನ ಬಾಗಿಲು ಹಾಕಿಕೊಂಡು ಅರವತ್ತೊಂದನ್ನೂ ಅಳಿಸಿದ. ಒಂದೊಂದಕ್ಕೂ ಆ ತಾಣ 'ಖಂಡಿತವಾಗಿಯೂ ಅಳಿಸಬೇಕೆ?' ಎಂದು ಕೇಳುತ್ತಿತ್ತು. ಬಡಗಿಯ ಕಾದಂಬರಿಯ ಸರದಿ ಬಂದಾಗ ಬೆರಳು ಒಂದು ಗಳಿಗೆ ನಿಂತಿತು. ಹೊರಗೆ ಯಾರೋ ಕೆಮ್ಮಿದರು. ಅದನ್ನೂ ಒತ್ತಿಬಿಟ್ಟ.

ಮಂಗಳವಾರ ಒಂದು ಖಾಸಗಿ ಸಂದೇಶ ಬಂತು: "ಯಾಕೆ ಎಲ್ಲ ಅಳಿಸಿದ್ರಿ?"

ಆ ಕ್ಷಣ ಮೂವರ ಕೈಯಲ್ಲೂ ಫೋನಿತ್ತು.

ಮನೆಯಲ್ಲೂ ನೆಮ್ಮದಿಯಿಲ್ಲ. ಊಟಕ್ಕೆ ಕೂತಾಗ ಭಾವ, "ಫೋನ್ ಕೊಡೋ ಇಲ್ಲಿ, ನಂದು ಚಾರ್ಜ್ ಇಲ್ಲ" ಎಂದು ಕೈ ಚಾಚಿದರೆ ಮೇಷ್ಟ್ರು ಕೈಯಲ್ಲಿದ್ದ ತುತ್ತು ಬಿಟ್ಟು, "ನಂದೂ ಇಲ್ಲ" ಅಂದ. ಅಷ್ಟರಲ್ಲೇ ಅದು ಜೇಬಿನಲ್ಲಿ ಗುಂಯ್‌ಗುಟ್ಟಿತು. ಭಾವ ಹುಬ್ಬೇರಿಸಿದ. ಪಾತ್ರೆ ತೊಳೆಯುವಾಗ ಅಕ್ಕ ಹತ್ತಿರ ಬಂದು, "ಏನೋ ಇದು, ಎರಡು ದಿನದಿಂದ ಮುಖ ಸುಣ್ಣದ ಥರ ಇದೆ. ಯಾರಾದ್ರೂ ಏನಾದ್ರೂ ಅಂದ್ರಾ?" ಎಂದಳು.

"ಯಾರೇನು ಅಂತಾರೆ ಅಕ್ಕಾ? ಪ್ಲಾಸ್ಟರ್ ಧೂಳು."

ಅಕ್ಕ ಅವನನ್ನೇ ನೋಡಿದಳು. ಇನ್ನೇನೋ ಕೇಳುವವಳಿದ್ದಳು, ಕೇಳಲಿಲ್ಲ. ಅವಳು ಕೇಳದೆ ಬಿಟ್ಟದ್ದು ಅವನಿಗೆ ಇನ್ನೂ ಹೆಚ್ಚು ಹೆದರಿಕೆ ತಂದಿತು.

ಬುಧವಾರ ಅವನು ಮೇಜಿನ ಡ್ರಾಯರಿನಿಂದ ತನ್ನ ಸ್ವಂತ ಚಾಕು, ಕುಂಚಗಳನ್ನು ಚೀಲಕ್ಕೆ ತುಂಬತೊಡಗಿದ. ಮೇಜು ಎಳೆಸಿಕೊಳ್ಳುವುದಕ್ಕಿಂತ ತಾನೇ ಹೋಗುವುದು ವಾಸಿ. ಅರ್ಧ ತುಂಬಿರಲಿಲ್ಲ, ಯಜಮಾನರು ಕರೆದರು.

"ಬಾಗಿಲು ಹಾಕ್ಕೊಂಡು ಬನ್ನಿ ಮೇಷ್ಟ್ರೇ."

ಬಾಗಿಲು ಹಾಕಿದ.

"ನಿಮ್ಮ ವಿಷಯ ಕಿವಿಗೆ ಬಿತ್ತು. ಹತ್ತು ವರ್ಷ ಜೊತೆಗಿದ್ದೂ ನನ್ನ ಹತ್ರ ಮುಚ್ಚಿಟ್ಟಿದ್ದೀರಲ್ಲ ಅಂತ ಬೇಜಾರಾಯ್ತು."

ಮೇಷ್ಟ್ರು ಕೈಗೆ ಅಂಟಿದ್ದ ಪ್ಲಾಸ್ಟರನ್ನು ಉಗುರಿನಿಂದ ಕೆರೆದ.

"ಬೇರೆ ಲ್ಯಾಬಿನವರು ಕರೀತಿದ್ದಾರೆ ಅಂತ ಬಾಯಿಬಿಟ್ಟು ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ? ಡ್ರಾಯರ್ ಖಾಲಿ ಮಾಡ್ತಿದ್ದಾರೆ ಅಂತ ಮೇಣದಮ್ಮ ಹೇಳಿದ್ಲು."

"ಇಲ್ಲ ಸಾರ್," ಅಂದ ಮೇಷ್ಟ್ರು. "ಧೂಳು ಹೊಡೀತಿದ್ದೆ." ಹೊರಗೆ ಬಂದು ಚಾಕು, ಕುಂಚಗಳನ್ನು ಮತ್ತೆ ಡ್ರಾಯರಿಗೆ ಹಾಕಿದ.

ಗುರುವಾರ ಮಧ್ಯಾಹ್ನ ಯಜಮಾನರೂ ಮೇಣದಮ್ಮನೂ ಊಟಕ್ಕೆ ಹೋಗಿದ್ದರು. ಮೇಷ್ಟ್ರು ಹಿಂದಿನ ಕೋಣೆಯಲ್ಲಿ ರಬ್ಬರ್ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಾಗ ಡಬ್ಬಿ ಒಳಗೆ ಬಂದು ಬಾಗಿಲನ್ನು ಅರ್ಧ ಮುಂದಕ್ಕೆ ತಳ್ಳಿದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಮೇಷ್ಟ್ರೇ, ಆ ಬಡಗಿ ಕಾದಂಬರಿ ಬಗ್ಗೆ ನೀವು ಬರೆದಿದ್ದನ್ನ ನಾನು ಪೂರ್ತಿ ಓದಿರಲಿಲ್ಲ. ಅಷ್ಟರಲ್ಲಿ ಅಳಿಸಿಬಿಟ್ರಿ."

"ಯಾವ ಬಡಗಿ? ಏನು ಮಾತಾಡ್ತಿದೀಯೋ?"

"ಹೆದರಿಸಬೇಕು ಅಂತ ಬರೀಲಿಲ್ಲ. ನನ್ನಾಣೆ. ನೀವೇ ಅಂತ ಗೊತ್ತಾದಾಗ ಕೈ ತಡೀಲಿಲ್ಲ."

ಡಬ್ಬಿ ಮತ್ತೆ ಮತ್ತೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದ. ತನ್ನಷ್ಟೇ ಹೆದರಿದ ಮನುಷ್ಯನನ್ನು ಮೇಷ್ಟ್ರು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದ. ಬಟ್ಟಲಿನ ಪ್ಲಾಸ್ಟರ್ ಕಲ್ಲಾಗುತ್ತಿತ್ತು, ಕದಡುವುದು ನೆನಪಾಗಲಿಲ್ಲ.

"ನೀನು?" ಅಂದ ಮೇಷ್ಟ್ರು. "ಮತ್ತೆ ಆ ಜೋಕುಗಳು?"

"ನಾನು ಮಾಡದಿದ್ರೆ ಬೇರೆಯವರು ನನ್ನ ಮೇಲೆ ಮಾಡ್ತಾರಲ್ಲ." ಡಬ್ಬಿ ಮೂಗು ಒರೆಸಿಕೊಂಡ. "ಆದ್ರೆ ಒಂದು ಹೇಳ್ತೀನಿ, ನಿಮ್ಮ ಅಭಿಪ್ರಾಯ ತಪ್ಪು. ಹೆದರಿಕೆ ಇಲ್ಲ ಅಂತ ಎರಡು ನಕ್ಷತ್ರ ಕೊಡ್ತೀರಲ್ಲ, ಹೆದರಿಕೆ ಬೇಕು ಅಂತ ಯಾರಾದ್ರೂ ಪುಸ್ತಕ ಓದ್ತಾರಾ? ನನಗೆ ಅದು ಬೆಳಿಗ್ಗೆ ಎದ್ದ ಕೂಡಲೇ ಸಿಗತ್ತೆ. ಊರೆಲ್ಲ ಚಪ್ಪಾಳೆ ತಟ್ಟೋ ಆ ಅಧ್ಯಾಯಾನ ನಾನು ಕ್ಲಿನಿಕ್ ಮುಂದೆ ಸ್ಕೂಟರ್ ಮೇಲೆ ಕೂತು ನಾಲ್ಕು ಸಲ ಓದಿದೀನಿ. ಹೆಲ್ಮೆಟ್ ತೆಗೀದೆ ಅತ್ತಿದೀನಿ."

ಮೇಷ್ಟ್ರ ಬಾಯಿಗೆ ಹಳೇ ಲ್ಯಾಬಿನ ಪಾಲಿಶ್ ಮಾಡುವವನ ವಿಷಯ ಬಂತು. ಯಾರಿಗೂ ಹೇಳಿರದ ಅದನ್ನು ಹೇಳಿದ. "ನಾನೂ ನಕ್ಕೆ ಕಣೋ" ಅಂದ. ಡಬ್ಬಿ ತಲೆಯಾಡಿಸಿದ, ಸಮಾಧಾನದ ಮಾತು ಆಡಲಿಲ್ಲ.

ಆಮೇಲೆ ಅವರು ಕೆಲವು ಕಟ್ಟಳೆ ಮಾಡಿಕೊಂಡರು. ಸಂದೇಶ ಕಳಿಸಬಾರದು. ತಾಣದಲ್ಲಿ ಒಬ್ಬರಿಗೊಬ್ಬರು ಉತ್ತರಿಸಬಾರದು. ಅಚ್ಚು ಗಟ್ಟಿಯಾಗುವ ಹೊತ್ತಿನಲ್ಲಿ, ಬಾಗಿಲು ಪೂರ್ತಿ ತೆರೆದಿಟ್ಟು, ಏನಾದರೂ ಮಾತಾಡಬಹುದು. ಹಾಗೆ ಎರಡು ತಿಂಗಳು ನಡೆಯಿತು. ರಾಜಕುಮಾರ ರಾಜಕುಮಾರನನ್ನು ಪ್ರೀತಿಸುವ ಕಾದಂಬರಿಗಳೆಂದರೆ ಡಬ್ಬಿಗೆ ಪ್ರಾಣ, ಮೇಷ್ಟ್ರಿಗೆ ಆಗದು. ಯಾರಾದರೂ ಹತ್ತಿರ ಬಂದರೆ ಡಬ್ಬಿ ಯಾವುದೋ ಕ್ಲಿನಿಕ್ಕಿನ ವಿಳಾಸ ಕೇಳುತ್ತಿದ್ದ, ಮೇಷ್ಟ್ರು ಗದರಿಸುತ್ತಿದ್ದ. ಪ್ರೀತಿ-ಗೀತಿ ಏನೂ ಇರಲಿಲ್ಲ ಅವರಿಬ್ಬರ ನಡುವೆ. ಆದರೆ ಸ್ಕೂಟರ್ ಬರುವುದು ತಡವಾದರೆ ಮೇಷ್ಟ್ರು ಕಿಟಕಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ಡಬ್ಬಿಯ ಹೆಂಡತಿ ಲ್ಯಾಬಿಗೆ ಬಂದಳು. ತೆಳ್ಳಗಿನ ಹೆಂಗಸು, ಕೈಯಲ್ಲಿ ತನ್ನ ತಾಯಿಯ ಹಲ್ಲಿನ ಸೆಟ್ಟು. ಅದು ಒಸಡಿಗೆ ಚುಚ್ಚುತ್ತಿತ್ತಂತೆ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಅಂಚು ಉಜ್ಜುತ್ತಿದ್ದಾಗ ಅವಳಂದಳು:

"ಇವರು ಮನೇಲಿ ನಿಮ್ಮ ಮಾತೇ ಆಡ್ತಿರ್ತಾರೆ ಅಣ್ಣಾ. ನನ್ನ ಹತ್ರ ಹತ್ತು ಮಾತಾಡಿದ್ರೆ ಹೆಚ್ಚು. ನಿಮ್ಮಿಬ್ಬರದು ಅಷ್ಟೊಂದು ಏನು ಮಾತು?"

ಬಾಗಿಲಲ್ಲಿದ್ದ ಡಬ್ಬಿ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

ಸುಳ್ಳು ಹೇಳಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. "ಪುಸ್ತಕ," ಅಂದ. "ಕಾದಂಬರಿಗಳು."

"ಇವರು ಓದ್ತಾರಾ?" ಅವಳು ಗಂಡನ ಕಡೆ ತಿರುಗಿದಳು, ಕೋಪವಿಲ್ಲದೆ, ಬರೀ ಅಚ್ಚರಿಯಿಂದ. "ಹತ್ತು ವರ್ಷದಲ್ಲಿ ನನಗೆ ಒಂದಿನ ಹೇಳಲಿಲ್ಲ ನೋಡಿ. ನನಗೂ ಒಂದು ಕೊಡಿ ಅಣ್ಣಾ. ಇವರಿಗೆ ಇಷ್ಟವಾಗಿದ್ದೇ ಕೊಡಿ. ಓದ್ತೀನಿ."

ಮೇಷ್ಟ್ರು ಸೆಟ್ಟನ್ನು ತೊಳೆದು, ಒರೆಸಿ, ಅವಳ ಕೈಗಿಟ್ಟ. "ನೋಡೋಣಮ್ಮ," ಅಂದ.

ಅವಳು ಹೋದ ಮೇಲೆ ಡಬ್ಬಿ ಸ್ಟೂಲಿನ ಮೇಲೆ ಕೂತ. ಮೇಷ್ಟ್ರು ನೀರು ತಂದುಕೊಟ್ಟ. ಡಬ್ಬಿ ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ.

"ಏನು ಕೊಡ್ತೀರಿ ಮೇಷ್ಟ್ರೇ ಅವಳಿಗೆ?"

"ಗೊತ್ತಿಲ್ಲ ಕಣೋ," ಅಂದ ಮೇಷ್ಟ್ರು. "ಏನೂ ಕೊಡದಿದ್ರೂ, ಯಾಕೆ ಕೊಡಲಿಲ್ಲ ಅಂತ ಕೇಳ್ತಾಳೆ ಅನ್ಸತ್ತೆ."