ನೀವು ಅಂದರೆ ಯಾರು?

ಇಸ್ತ್ರಿ ಅಂಗಡಿಯಲ್ಲಿ ಆ ವಾರ ಎರಡನೇ ಅಂಗಿ ಸುಟ್ಟಿತು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯಿಟ್ಟು ಸೊಸೆ ಗೋಡೆ ನೋಡುತ್ತ ನಿಂತುಬಿಟ್ಟಿದ್ದಳು. ವಾಸನೆ ಬಂದಾಗಲೇ ಎಚ್ಚರವಾದದ್ದು.

"ಮನಸ್ಸು ಎಲ್ಲಿಟ್ಟಿರ್ತೀಯೋ," ಎಂದರು ಅತ್ತೆ.

ಹದಿನೈದು ದಿನದಿಂದ ನಿದ್ದೆಯಿಲ್ಲ, ಬಟ್ಟೆ ಮುಟ್ಟಲೂ ಮನಸ್ಸಿಲ್ಲ ಎಂದು ಸೊಸೆ ಹೇಳಲಿಲ್ಲ. ಹೇಳಿದರೆ ತಲೆ ಕೆಟ್ಟಿದೆ ಎಂದು ತವರಿಗೆ ಕಳಿಸಿಬಿಟ್ಟಾರು ಎಂಬ ಭಯ.

ಆಗಲೇ ಆರೋಗ್ಯ ಕೇಂದ್ರದ ಕಾರ್ಯಕರ್ತೆ ಬಂದಳು. ಹೆಗಲಲ್ಲಿ ಸದಾ ದೊಡ್ಡ ಚೀಲ ಇರುವುದರಿಂದ ಬೀದಿಗೆಲ್ಲ ಆಕೆ ಚೀಲದಕ್ಕ.

"ಇವತ್ತು ಸೂಜಿ ಇಲ್ಲ, ಮಾತ್ರೆ ಇಲ್ಲ. ಜನರ ನೆಮ್ಮದಿ ಬಗ್ಗೆ ಒಂದು ಅಧ್ಯಯನ ನಡೀತಿದೆ. ಒಬ್ಬೊಬ್ಬರನ್ನೇ ಕೇಳ್ಬೇಕು."

ಅತ್ತೆ ಸ್ಟೂಲನ್ನು ಬಾಗಿಲಿಗೆ ಅಡ್ಡ ಎಳೆದು ಕೂತರು. "ಕೇಳು. ಅದಕ್ಕೆ ನಾನೇನು ಕಿವಿ ಕಿತ್ತಿಡ್ಲಾ? ಇವತ್ತು ಸಂತೋಷ ಅಳೀತೀರ, ನಾಳೆ ಅದಕ್ಕೂ ತೆರಿಗೆ ಹಾಕ್ತೀರ."

"ತೆರಿಗೆ ಹಾಕೋ ಅಷ್ಟು ಈ ಬೀದಿಲಿ ಇನ್ನೂ ಸಿಕ್ಕಿಲ್ಲಮ್ಮ."

"ಹೆಸರು ಬರ್ಕೋತೀಯಾ?"

"ಇಲ್ಲ, ಬರೀ ನಂಬರು. ನೀವೇ ನೋಡಿ."

ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯ ಹಿಂದುಮುಂದು ನೋಡಿದರು. ಬೆಳಕಿಗೆ ಹಿಡಿದೂ ನೋಡಿದರು.

ಸೊಸೆಗೆ ಬೇರೆಯೇ ಅನುಮಾನ. ಅತ್ತೆಯೇ ಇವಳನ್ನು ಕರೆಸಿರಬಹುದೇ? ಸುಟ್ಟ ಅಂಗಿಯನ್ನು ಮೆಲ್ಲಗೆ ರಾಶಿಯ ಕೆಳಗೆ ತಳ್ಳಿದಳು.

"ಈ ಹದಿನೈದು ದಿನ ನೀವು ಖುಷಿಯಾಗಿದ್ರಾ?" ಎಂದು ಚೀಲದಕ್ಕ ಸೊಸೆಯನ್ನು ಕೇಳಿದಳು.

"ಇದ್ವಿ. ಮಕ್ಕಳು ಶಾಲೆಗೆ ಹೋಗ್ತಿದ್ದಾರೆ. ಯಜಮಾನರಿಗೆ ಕೆಮ್ಮು ಕಡಿಮೆ ಆಗಿದೆ."

"ನಿದ್ದೆ ಚೆನ್ನಾಗಿ ಮಾಡಿದ್ರಾ?"

"ಅತ್ತೆಗೆ ಮಂಡಿನೋವು ವಾಸಿ. ಈಗ ಒಳ್ಳೆ ನಿದ್ದೆ."

"ಕೆಲಸದಲ್ಲಿ ಮನಸ್ಸಿತ್ತಾ?"

"ಯಜಮಾನರು ಹೊತ್ತಿಗೆ ಸರಿಯಾಗಿ ಬಟ್ಟೆ ಕೊಟ್ಟು ಬರ್ತಾರೆ."

ಚೀಲದಕ್ಕ ಪೆನ್ನು ಮುಚ್ಚಿದಳು. ಹಾಳೆಯಲ್ಲಿ ಒಂದಕ್ಷರವನ್ನೂ ಬರೆದಿರಲಿಲ್ಲ.

"ನಾನು ಮನೆಮಂದಿ ಬಗ್ಗೆಯೆಲ್ಲ ಕೇಳ್ಲಿಲ್ಲ. ನೀವು ಅಂದ್ರೆ ನೀವೊಬ್ರೇ."

"ಅದೇ ಹೇಳ್ತಿದ್ದೀನಲ್ಲ. ನಾವು ಚೆನ್ನಾಗಿದ್ದೀವಿ."

"ನಾನು ನಿಮಗಿಂತ ದೊಡ್ಡೋಳು. ಒಂದ್ಸಲ ಏಕವಚನದಲ್ಲಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀನು ಹೇಗಿದ್ದೀಯ?"

ಸೊಸೆ ಬಾಯಿ ತೆರೆದಳು. ಗಂಡನ ಕೆಮ್ಮು, ಮಕ್ಕಳ ಶಾಲೆ, ಅತ್ತೆಯ ಮಂಡಿ, ಯಾವುದೂ ಈ ಪ್ರಶ್ನೆಗೆ ಉತ್ತರವಾಗಲಿಲ್ಲ. ಮನೆಯಲ್ಲಿ ದಿನಕ್ಕೆ ನೂರು ಸಲ ನೀನು ಎನ್ನುತ್ತಿದ್ದರು. ನೀನು ನೀರು ತಾ, ನೀನು ಬೇಗ ಮುಗಿಸು. ಹೇಗಿದ್ದೀಯ ಎಂಬ ಮಾತನ್ನು ಮಾತ್ರ ಯಾರೂ ಅದಕ್ಕೆ ಸೇರಿಸಿರಲಿಲ್ಲ. ಅವಳು ಪೆಟ್ಟಿಗೆಯ ಸ್ವಿಚ್ ಆರಿಸಿದಳು.

"ನಿದ್ದೆ ಬರ್ತಿಲ್ಲಕ್ಕ. ಊಟ ಸೇರಲ್ಲ. ಮಕ್ಕಳು ಪಕ್ಕದಲ್ಲೇ ನಕ್ಕರೂ ಎಲ್ಲೋ ದೂರದಲ್ಲಿ ನಗ್ತಿದ್ದ ಹಾಗಿರುತ್ತೆ."

"ನನಗ್ಯಾಕೆ ಹೇಳ್ಲಿಲ್ಲ?" ಎಂದರು ಅತ್ತೆ.

"ಹುಚ್ಚಿ ಅಂತ ತವರಿಗೆ ಕಳಿಸ್ತೀರ ಅಂದ್ಕೊಂಡೆ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಇದು ಹುಚ್ಚೂ ಅಲ್ಲ, ಸೋಮಾರಿತನಾನೂ ಅಲ್ಲ," ಎಂದಳು ಚೀಲದಕ್ಕ. "ಜ್ವರಕ್ಕಾದ್ರೆ ಥರ್ಮಾಮೀಟರ್ ಇದೆ. ಮನಸ್ಸು ಬಾಡಿದ್ದು ಹೊರಗಿಂದ ಗೊತ್ತಾಗಲ್ಲ. ಅದಕ್ಕೇ ಮನಸ್ಸಿನ ಬಗ್ಗೆ ಓದಿದೋರು ಒಬ್ಬೊಬ್ಬರನ್ನೇ ಕೂರಿಸಿ ಕೇಳೋದು. ಕೇಂದ್ರದಲ್ಲಿ ಡಾಕ್ಟರಿದ್ದಾರೆ. ಕೂತು ಮಾತಾಡ್ತಾರೆ, ಬೇಕಾದ್ರೆ ಔಷಧಿ ಕೊಡ್ತಾರೆ."

"ಮಾತಾಡಿದ್ರೆ ನಿದ್ದೆ ಬರುತ್ತಾ?" ಅತ್ತೆಗೆ ಇನ್ನೂ ನಂಬಿಕೆಯಿಲ್ಲ.

"ಒಂದೇ ದಿನಕ್ಕೆ ಬರಲ್ಲ. ಮುಚ್ಚಿಟ್ರೆ ಅಂತೂ ಬರೋದೇ ಇಲ್ಲ."

ಅತ್ತೆ ಎದ್ದು ಸ್ಟೂಲನ್ನು ಬಾಗಿಲಿಂದ ಈಚೆಗೆ ಎಳೆದರು. "ನಾಳೆ ಅಂಗಡಿ ಮಧ್ಯಾಹ್ನ ತೆಗೆದ್ರಾಯ್ತು. ಬೆಳಿಗ್ಗೆ ಇವಳನ್ನ ನಾನೇ ಕರ್ಕೊಂಡು ಬರ್ತೀನಿ. ನಾನು ಹೊರಗೆ ಕೂತಿರ್ತೀನಿ, ಇವಳೊಬ್ಬಳೇ ಒಳಗೆ ಹೋಗ್ಲಿ." ಆಮೇಲೆ ಚೀಲದಕ್ಕನ ಕಡೆ ಬೆರಳು ತೋರಿಸಿದರು. "ಅಲ್ಲಿ ಯಾರಾದ್ರೂ ನನ್ನ ಸೊಸೆನ ಹುಚ್ಚಿ ಅಂದ್ರೆ, ನೀನು ಮತ್ತೆ ಈ ಬೀದಿಗೆ ಕಾಲಿಡ್ಬೇಡ."

ಇದನ್ನು ಓದುತ್ತಿರುವ ಅಕ್ಕ, ತಂಗಿ, ಯಾರು ಕೇಳಿದರೂ ನೀವೂ "ನಾವು ಚೆನ್ನಾಗಿದ್ದೀವಿ" ಎನ್ನುವವರೇ ಇರಬಹುದು. ಆ "ನಾವು" ಎಂಬುದರ ಒಳಗೆ ನೀವೊಬ್ಬರು ಹೇಗಿದ್ದೀರಿ? ಎರಡು ವಾರದಿಂದ ನಿದ್ದೆ, ಹಸಿವು, ಕೆಲಸದ ಆಸಕ್ತಿ ಹೋಗಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಒಂದು ದಿನವೂ ಕಾಯಬೇಡಿ, ನೀವು ನಂಬುವ ಒಬ್ಬರಿಗೆ ಈಗಲೇ ಹೇಳಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಉತ್ತರ ಬರುವವರೆಗೆ ಏಳಬೇಡಿ.