ಕೋಟಿನ ಜೇಬಿನ ಶ್ರೀ

ಷಡಕ್ಷರಿಯವರ ಕೋಟು ಎಡಗಡೆಗೆ ಸದಾ ಒಂದು ಬೆರಳಿನಷ್ಟು ಜಗ್ಗಿರುತ್ತಿತ್ತು. ಅದು ಹೊಲಿದವನ ತಪ್ಪಲ್ಲ, ತೊಟ್ಟವರ ಬೆನ್ನಿನ ದೋಷವೂ ಅಲ್ಲ. ಎಡಜೇಬಿನಲ್ಲಿ ಹೆಬ್ಬೆರಳು ಗಾತ್ರದ ಒಂದು ಸೀಸದ ಅಚ್ಚುಮೊಳೆ ಇತ್ತು, ಅದರ ತಲೆಯ ಮೇಲೆ ತಿರುವುಮುರುವಾಗಿ ‘ಶ್ರೀ’ ಎಂಬ ಒಂದೇ ಅಕ್ಷರ. ಬೂದು ಬಣ್ಣದ ಆ ಕೋಟನ್ನು ಏಪ್ರಿಲ್ ಬಿಸಿಲಿನಲ್ಲೂ ಕಳಚದೆ, ಲಷ್ಕರ್ ಮೊಹಲ್ಲಾದ ಇಕ್ಕಟ್ಟು ಬೀದಿಗಳಲ್ಲಿ ಎದುರಾದ ಪ್ರತಿ ಅಂಗಡಿಯ ಫಲಕವನ್ನೂ ತುಟಿ ಅಲುಗಿಸಿ ಓದುತ್ತ, ಅಕ್ಷರ ತಪ್ಪಿದ್ದಲ್ಲಿ ಎರಡು ಕ್ಷಣ ನಿಂತು ನಿಟ್ಟುಸಿರು ಬಿಟ್ಟು ಮತ್ತೆ ನಡೆಯುತ್ತಿದ್ದ ಅವರಿಗೆ ಅಲ್ಲಿನ ವರ್ತಕರು ‘ಪ್ರೂಫ್ ಷಡಕ್ಷರಿ’ ಎಂದು ನಾಮಕರಣ ಮಾಡಿದ್ದರು. ಅವರಿಗೂ ಅದು ತಿಳಿದಿತ್ತು, ಬೇಸರವಿರಲಿಲ್ಲ.

ಅವರ ತಂದೆ ಸಿದ್ದಲಿಂಗಸ್ವಾಮಿಗಳದು ಅದೇ ಮೊಹಲ್ಲಾದಲ್ಲಿ ಒಂದು ಸಣ್ಣ ಮುದ್ರಣಾಲಯ. ಮದುವೆಯ ಕರೆಯೋಲೆಯಾಗಲಿ, ಮಠದ ಪಂಚಾಂಗವಾಗಲಿ, ಮೊದಲು ‘ಶ್ರೀ’ ಮೊಳೆಯನ್ನು ಕೂರಿಸದೆ ಎರಡನೆಯ ಮೊಳೆಗೆ ಕೈಹಾಕುವಂತಿರಲಿಲ್ಲ. ವಿನಾಯಿತಿ ಒಂದೇ, ಸಾವಿನ ಕಾಗದ. ಶ್ರೀಕಾರವಿಲ್ಲದ ಕಾಗದ ಬಾಗಿಲಿಗೆ ಬಂದರೆ ಒಳಗೇನಿದೆಯೆಂದು ಓದುವ ಮುಂಚೆಯೇ ಮನೆಯ ಹೆಂಗಸರು ಅಳಲು ತೊಡಗುತ್ತಿದ್ದ ಕಾಲ ಅದು. ಷಡಕ್ಷರಿ ಅಲ್ಲಿ ಇಪ್ಪತ್ತೆರಡು ವರ್ಷ ಮೊಳೆ ಜೋಡಿಸಿದರು. ತೊಂಬತ್ತಾರರಲ್ಲಿ ಮುದ್ರಣಾಲಯ ಮುಚ್ಚಿ, ಮೊಳೆಗಳೆಲ್ಲ ಗುಜರಿಯವನ ಚೀಲ ಸೇರಿದ ದಿನ, ಅವರು ಒಂದನ್ನು ಮಾತ್ರ ಎತ್ತಿ ಜೇಬಿಗಿಳಿಸಿಕೊಂಡು ಹೊರಬಂದರು. ಮುಂದೆ ಮೇಟಗಳ್ಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತಿಕೆ ಸಿಕ್ಕಿತು. ನಲವತ್ತು ದಾಟಿದ ಮೇಲೆ ಅಲ್ಲಿಯೇ ಕಂಪ್ಯೂಟರನ್ನೂ ಕಲಿತರು. ಆದರೆ ಯಾರೊಡನೆ ಮಾತನಾಡುತ್ತಿದ್ದರೂ ಅವರ ಬಲಗೈಯ ಎರಡು ಬೆರಳುಗಳು ಇಲ್ಲದ ಮೊಳೆಯನ್ನು ಹೆಕ್ಕುತ್ತಲೇ ಇರುತ್ತಿದ್ದವು.

ಎರಡು ಸಾವಿರದ ನಾಲ್ಕರ ಸುಮಾರಿಗೆ ಅವರ ಕಣ್ಣಿಗೆ ಬಿದ್ದದ್ದು ಒಂದು ಘೋರ ಅಪಚಾರ. ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ಮುಕ್ತ ತಂತ್ರಾಂಶ, ಕನ್ನಡವನ್ನು ತೆರೆಯ ಮೇಲೆ ಮೂಡಿಸುವಾಗ ‘ಕರ್ನಾಟಕ’ ಎಂಬ ಪದದ ಅರ್ಕಾವೊತ್ತನ್ನು ಅದರ ಜಾಗದಿಂದೆಬ್ಬಿಸಿ ಮುಂದಿನ ‘ಟ’ದ ಪಕ್ಕ ನಿಲ್ಲಿಸುತ್ತಿತ್ತು. ಯಾವ ಒತ್ತು ಎಲ್ಲಿ ಕೂರಬೇಕೆಂಬುದು ಷಡಕ್ಷರಿಯವರ ಬೆರಳಿಗೆ ಗೊತ್ತಿದ್ದಷ್ಟು ಆ ತಂತ್ರಾಂಶ ಬರೆದವರ ತಲೆಗೆ ಗೊತ್ತಿರಲಿಲ್ಲ. ಎರಡು ತಿಂಗಳು ಅದರ ಮೂಲಸಂಕೇತದ ಸಾಲುಗಳಲ್ಲಿ ಗಾಣದೆತ್ತಿನಂತೆ ಸುತ್ತಿ, ತಪ್ಪು ಮೂರು ಸಾಲುಗಳಲ್ಲಿದೆಯೆಂದು ಕಂಡುಹಿಡಿದು ತಿದ್ದಿದರು. ಆ ಸಾಲುಗಳಲ್ಲಿ ಕನ್ನಡದ ಅಕ್ಷರ ಒಂದೂ ಇರಲಿಲ್ಲ, ಬರಿಯ ಸಂಖ್ಯೆ, ಸಂಕೇತ. ಗುಜರಿಗೆ ಹೋದ ಇಪ್ಪತ್ತೆರಡು ವರ್ಷಗಳ ವಿದ್ಯೆಗೆ ಈ ಲೋಕದಲ್ಲಿ ಇನ್ನೂ ಒಂದು ಕೆಲಸ ಉಳಿದಿದೆಯೆಂದು ಅವರಿಗೆ ಅನ್ನಿಸಿದ್ದು ಅಂದೇ. ಮುಂದಿನ ಆವೃತ್ತಿಗೆ ತಿದ್ದುಪಡಿ ಸೇರಿಸುವ ಬಾಗಿಲು ಜನವರಿಯ ಕೊನೆಯ ಶುಕ್ರವಾರ ಮುಚ್ಚುವುದಿತ್ತು. ಅದು ತಪ್ಪಿದರೆ ಕರ್ನಾಟಕ ಇನ್ನೊಂದು ವರ್ಷ ಸೊಟ್ಟಗೇ ಇರಬೇಕು.

ತಿದ್ದುವ ಹಕ್ಕು ಎಲ್ಲರಿಗೂ ಇದ್ದರೂ ಒಪ್ಪಿಸುವ ದಾರಿ ಮಾತ್ರ ಒಂದೇ, ಇಮೇಲ್. ಬೆಳಗಿನ ಪಾಳಿ ಮುಗಿಸಿ ಬಂದ ಷಡಕ್ಷರಿ ದಿನವೂ ಹೋಗಿ ಕೂರುತ್ತಿದ್ದದ್ದು ಗೆಳೆಯ ಚಂದ್ರಮೌಳಿಯ ಸೈಬರ್ ಕೆಫೆಯಲ್ಲಿ. ಅದಕ್ಕೂ ಮೊದಲು ಅದು ಎಸ್‌ಟಿಡಿ ಬೂತಾಗಿತ್ತು. ಮೊದಲ ಸಲ ಕಳಿಸಿದ ಕಾಗದ, ಬಿಟ್ಟಿ ಇಮೇಲಿನವರು ಬಾಲಕ್ಕೆ ಕಟ್ಟಿದ ಬಣ್ಣದ ಜಾಹೀರಾತಿನ ಸಮೇತ ಹೋಗಿ ಅಷ್ಟೇ ವೇಗದಲ್ಲಿ ಹಿಂದಿರುಗಿತು. ಎರಡನೆಯ ಸಲ ಉದ್ದನೆಯ ಸಾಲುಗಳು ನಡುವೆಯೇ ಮುರಿದು ತಲುಪಿದವು. ಆ ತಂತ್ರಾಂಶದ ಉಸ್ತುವಾರಿ ಹೊತ್ತಿದ್ದ ಪರದೇಶದ ಹೆಂಗಸು ತಂತಿ ಕೊಟ್ಟಷ್ಟೇ ಚಿಕ್ಕದಾಗಿ ಉತ್ತರಿಸುತ್ತಿದ್ದಳು: ಅಲಂಕಾರ ಬೇಡ, ಸಾಲು ಮುರಿಯಬೇಡಿ, ಬೇರೆ ಅಂಚೆ ತಂತ್ರಾಂಶ ಬಳಸಿ.

ಮೂಲೆಯ ಯಂತ್ರದಲ್ಲಿ ಬೇರೆ ಅಂಚೆ ತಂತ್ರಾಂಶ ಹೂಡಿದ್ದಾಯಿತು. ಅದು ಹೆಸರು ಕೇಳಿದ ಕಡೆ ಷಡಕ್ಷರಿಯವರು ತಾಲ್ಲೂಕು ಕಚೇರಿಯ ಅರ್ಜಿ ತುಂಬುವ ನಿಷ್ಠೆಯಿಂದ ‘ಷಡಕ್ಷರಿ, ಬಿನ್ ಸಿದ್ದಲಿಂಗಸ್ವಾಮಿ, ಲಷ್ಕರ್ ಮೊಹಲ್ಲಾ, ಮೈಸೂರು’ ಎಂದು ಇಂಗ್ಲಿಷಿನಲ್ಲಿ ತುಂಬಿದರು. ಪ್ರತಿ ಅಲ್ಪವಿರಾಮಕ್ಕೂ ಒಬ್ಬೊಬ್ಬ ಹೊಸ ಮನುಷ್ಯನನ್ನು ಎಣಿಸಿದ ಯಂತ್ರ, ಒಂದು ಕಾಗದಕ್ಕೆ ನಾಲ್ವರು ಸಹಿ ಹಾಕಿದ್ದಾರೆಂದು ಗದರಿ, ಹೊರಡಲು ಬಿಡಲಿಲ್ಲ.

“ಅಪ್ಪನ ಹೆಸ್ರು ಯಾಕ್ ಸ್ವಾಮಿ ಅದಕ್ಕೆ?” ಎಂದ ಚಂದ್ರಮೌಳಿ.

“ಪೂರ್ತಿ ಬರೀದಿದ್ರೆ ಅವ್ರಿಗೆ ನಾನ್ಯಾರು ಅಂತ ಎಂಗೆ ಗೊತ್ತಾಗ್ಬೇಕು ಕಣ್ರೀ?”

ವಿರಾಮಗಳು ಹೋದವು, ಅಪ್ಪನೂ ಮೊಹಲ್ಲಾವೂ ಹೋದರು, ಕಾಗದ ಹೊರಟಿತು. ಮಾರನೆಯ ದಿನ ಉತ್ತರ: ‘ನಿಮ್ಮ ಕಾಗದದಲ್ಲಿ ತಿದ್ದುಪಡಿಯೇ ಇಲ್ಲ, ಅರ್ಥವಿಲ್ಲದ ಅಕ್ಷರಗಳ ರಾಶಿಯಿದೆ.’ ಮತ್ತೆ ಕಳಿಸಿದರು, ಮತ್ತೆ ಅದೇ ಉತ್ತರ. ಶುಕ್ರವಾರಕ್ಕೆ ಮೂರು ದಿನ ಉಳಿದಿತ್ತು.

“ಮೂರು ಸಾಲಿಗೆ ಮೂರು ವಾರ ಆಗೋಯ್ತು. ಬುಟ್ಟಾಕಿ ಅತ್ಲಾಗೆ,” ಎಂದ ಚಂದ್ರಮೌಳಿ.

“ತಡೀರಿ. ಒಂದ್ ಪ್ರೂಫ್ ತೆಗ್ದು ನೋಡ್ಬುಡಾಣ.”

ಅದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಬೀಗ ಹಾಕಿದ ಬಾಗಿಲನ್ನು ಜಗ್ಗಿ ನೋಡುವುದಕ್ಕೂ ಪ್ರೂಫೇ, ಕಾಫಿಯ ಮೊದಲ ಗುಟುಕಿಗೂ ಪ್ರೂಫೇ. ಈ ಸಲ ತಿದ್ದುಪಡಿಯನ್ನು ಚಂದ್ರಮೌಳಿಯ ವಿಳಾಸಕ್ಕೇ ಕಳಿಸಿ, ಬಂದದ್ದರ ಮೂಲರೂಪವನ್ನು ತೆರೆದು ನೋಡಿದರು. ನಿಜವಾಗಿಯೂ ಕಲಸುಮೇಲೋಗರ. ಚಂದ್ರಮೌಳಿ ಅದೇ ಯಂತ್ರದಿಂದ ಅದೇ ಮೂರು ಸಾಲು ಕಳಿಸಿದ. ಅದು ಅಚ್ಚುಕಟ್ಟಾಗಿ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ತುಟಿ ಅಲುಗಿಸಿ ಓದುತ್ತ ಹೋದ ಷಡಕ್ಷರಿಯವರ ಬೆರಳು ತಮ್ಮ ಕಾಗದದ ನೆತ್ತಿಯಲ್ಲಿ ನಿಂತಿತು. ಅಲ್ಲಿ, ಕನ್ನಡದಲ್ಲಿ, ಅವರು ಎಲ್ಲ ಕಾಗದಗಳಿಗೂ ಮೊದಲು ಹಾಕುವ ‘ಶ್ರೀ’ ಇತ್ತು. ಒಂದೇ ಒಂದು ಕನ್ನಡ ಅಕ್ಷರ ಕಂಡರೂ ಆ ಅಂಚೆ ತಂತ್ರಾಂಶ ಇಡೀ ಕಾಗದವನ್ನು ತನ್ನದೇ ಗುಪ್ತಲಿಪಿಗೆ ತಿರುಗಿಸಿ ಕಳಿಸುತ್ತಿತ್ತು. ತಿದ್ದುಪಡಿಗಳನ್ನು ಎತ್ತಿಕೊಳ್ಳುವ ಆ ಕಡೆಯ ಯಂತ್ರಕ್ಕೆ ಅದನ್ನು ಬಿಡಿಸಿ ಓದಲು ಬರುತ್ತಿರಲಿಲ್ಲ.

“ಇಷ್ಟೇನಾ? ಶ್ರೀ ತೆಗ್ದಾಕಿ, ಆಯ್ತು. ಇಲ್ಲಾಂದ್ರೆ ಇಂಗ್ಲಿಷ್‌ನಾಗೆ ಹಾಕಿ.”

“ದೇವ್ರಿಗೆ ಪ್ಲಾಸ್ಟಿಕ್ ಹೂವು ಮುಡಿಸ್ದಂಗಾಯ್ತದೆ ಕಣ್ರೀ,” ಎಂದು ಎದ್ದುಬಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯೆಂದು ಚಂದ್ರಮೌಳಿಗೆ ರೇಗಿತು. ಆದರೆ ಷಡಕ್ಷರಿಯವರದು ಬರಿಯ ಹಟವಾಗಿರಲಿಲ್ಲ, ಅವರಿಗೆ ಭಯವಾಗಿತ್ತು. ತಮ್ಮ ಕೈಯಿಂದ ಲೋಕಕ್ಕೆ ಹೋಗುವ ಮೊದಲ ಕೆಲಸ ಸಾವಿನ ಕಾಗದದಂತೆ ಬೋಳು ನೆತ್ತಿಯಲ್ಲಿ ಹೋಗುವುದು ಹೇಗೆ?

ಎರಡು ದಿನ ಅವರು ಕೆಫೆಯ ಕಡೆ ಸುಳಿಯಲಿಲ್ಲ. ಗುರುವಾರ ಸಂಜೆ, ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ನೀಲಮ್ಮನವರ ಮುಂದೆ ವಿಷಯವೆಲ್ಲ ಹೇಳಿಕೊಂಡರು.

“ಶ್ರೀ ಇಲ್ದಿರೋ ಕಾಗ್ದ ಕಂಡ್ರೆ ಓದೋರು ಏನಂದ್ಕೋಬೇಕು?” ಎಂದರು ನೀಲಮ್ಮ.

“ಅವ್ರಿಗೆ ಶ್ರೀ ಅಂದ್ರೆ ಏನೂಂತ್ಲೇ ಗೊತ್ತಿಲ್ಲ ಕಣೇ.”

“ಅಂಗಾದ್ರೆ ಇಷ್ಟು ದಿನ ಯಾರಿಗೋಸ್ಕರ ಹಾಕ್ತಿದ್ರಿ?”

ನೀಲಮ್ಮ ಕೇಳಿದ್ದು ಕಾಳಿನ ಮೇಲೆ ಕಣ್ಣಿಟ್ಟುಕೊಂಡೇ. ಉತ್ತರಕ್ಕಾಗಿ ಕಾಯಲೂ ಇಲ್ಲ, ಸಿಪ್ಪೆಯ ಮೊರ ಎತ್ತಿಕೊಂಡು ಒಳಗೆ ಹೋದರು. ಷಡಕ್ಷರಿ ಜೇಬಿಗೆ ಕೈಹಾಕಿ ಮೊಳೆಯನ್ನು ಹೊರತೆಗೆದರು.

ಶುಕ್ರವಾರ ಮಧ್ಯಾಹ್ನ ಪಾಳಿ ಮುಗಿಸಿ ನೇರವಾಗಿ ಕೆಫೆಗೆ ಬಂದವರು, ಮೂರು ಸಾಲುಗಳ ಕಾಗದವನ್ನು ಶ್ರೀಕಾರವಿಲ್ಲದೆ ಸಿದ್ಧಮಾಡಿಕೊಂಡರು. ಆಮೇಲೆ ಚಂದ್ರಮೌಳಿಯ ರಬ್ಬರ್ ಮೊಹರಿನ ಶಾಯಿಪೆಟ್ಟಿಗೆ ಕೇಳಿ ತೆಗೆದುಕೊಂಡು, ಜೇಬಿನ ಮೊಳೆಯನ್ನು ಅದಕ್ಕೊತ್ತಿ, ಬಿಳಿಯ ಹಾಳೆಯೊಂದರ ನೆತ್ತಿಯ ನಟ್ಟನಡುವೆ ಇಳಿಸಿದರು. ನೇರಳೆ ಬಣ್ಣದ ‘ಶ್ರೀ’ ಮೂಡಿತು. ಉಫ್ ಎಂದು ಊದಿ ಆರಿಸಿ, ಹಾಳೆಯನ್ನು ಕೀಬೋರ್ಡಿನ ಮುಂದಿಟ್ಟು, ಕಳಿಸುವ ಗುಂಡಿ ಒತ್ತಿದರು. ನಗಬೇಕೆಂದು ಬಂದ ಚಂದ್ರಮೌಳಿ ಯಾಕೋ ನಗಲಿಲ್ಲ.

ಶನಿವಾರ ಉತ್ತರ ಬಂತು: ‘ಸೇರಿಸಿದೆ. ವಂದನೆ.’ ಏಪ್ರಿಲ್‌ನಲ್ಲಿ ಹೊಸ ಆವೃತ್ತಿ ಬಂದಾಗ ಅವರು ಮೊದಲು ಬೆರಳಚ್ಚಿಸಿದ್ದು ‘ಕರ್ನಾಟಕ’ ಎಂದೇ. ಅರ್ಕಾವೊತ್ತು ತನ್ನ ಜಾಗದಲ್ಲಿತ್ತು. “ಕೂತ್ಕೊಂತು,” ಎಂದರು, ಅಳು ಬಂತು, ಕೋಟಿನ ತೋಳಿನಿಂದ ಒರೆಸಿಕೊಂಡರು.

ಮುಂದೆ ಅವರು ಇನ್ನೂ ಅನೇಕ ತಿದ್ದುಪಡಿಗಳನ್ನು ಕಳಿಸಿದರು, ಪ್ರತಿಯೊಂದಕ್ಕೂ ಒಂದು ಹಾಳೆ. ನಾಲ್ಕೈದು ವರ್ಷಗಳಲ್ಲಿ ಆ ಕಡೆಯ ಯಂತ್ರ ಕನ್ನಡವಿರುವ ಕಾಗದವನ್ನೂ ಬಿಡಿಸಿ ಓದುವಷ್ಟು ಜಾಣತನ ಕಲಿಯಿತು. ಇನ್ನು ಶ್ರೀ ಬೆರಳಚ್ಚಿಸಬಹುದಲ್ಲ ಎಂದ ಚಂದ್ರಮೌಳಿಗೆ ಷಡಕ್ಷರಿ ಮೊಳೆಗೆ ಶಾಯಿ ಹಚ್ಚುತ್ತಲೇ ಹೇಳಿದರು: “ಅದು ಓದೋರಿಗಲ್ಲ ಕಣ್ರೀ.”

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ತಪ್ಪಾದಾಗ ಮಾತ್ರ ಜನರ ಕಣ್ಣಿಗೆ ಬೀಳುವ ಕೆಲಸವನ್ನು ಆರಿಸಿಕೊಂಡು, ಅದನ್ನು ತಪ್ಪಿಲ್ಲದೆ ಮಾಡಿ, ಹಾಗೆ ಮಾಡಿದ್ದರಿಂದಲೇ ಕಾಣದೆ ಉಳಿದುಬಿಡುತ್ತಾರೆ. ಲೋಕ ಕೇಳಿದ ಕಡೆಯೆಲ್ಲ ತಮ್ಮ ಹೆಸರನ್ನೂ ಮನೆತನವನ್ನೂ ಒಂದೊಂದೇ ಅಳಿಸಿಕೊಡುತ್ತಾರೆ, ಒಂದನ್ನು ಮಾತ್ರ ಕೊಡುವುದಿಲ್ಲ. ನೀಲಮ್ಮನವರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಈಗಲೂ ಆ ಹಾಳೆಗಳ ಕಟ್ಟು ಇದೆ. ಎಲ್ಲದರ ನೆತ್ತಿಯಲ್ಲೂ ಒಂದು ನೇರಳೆ ಶ್ರೀ, ಅದರ ಕೆಳಗೆ ಏನೂ ಇಲ್ಲ. ಕೆಳಗೆ ಇರಬೇಕಾದದ್ದನ್ನು ನಾವು ದಿನವೂ ತೆರೆಯ ಮೇಲೆ ಓದುತ್ತಿದ್ದೇವೆ.